ಸೋಮವಾರದ ಮಣ್ಣು

ಏರ್‌ಪೋರ್ಟಿನಲ್ಲಿ ಒಂದು ಚಮಚ

ಹಾಲೆಂಡಿನ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ, ಯೂನಿಫಾರ್ಮ್ ತೊಟ್ಟ ಇಬ್ಬರ ಎದುರು ನಿಂತು ಒಂದು ಚಮಚ ಹುರಿಹಿಟ್ಟನ್ನು ಬಾಯಿಗೆ ಹಾಕಿಕೊಂಡು ಕೆಮ್ಮಿದ್ದು.

ತಪ್ಪು ಅವರದಲ್ಲ. ಕೌಂಟರಿನಲ್ಲಿದ್ದಾಕೆ ನನ್ನ ಆಹ್ವಾನ ಪತ್ರ ನೋಡಿ, ನಿಮ್ಮ ಕೆಲಸವೇನು ಎಂದು ಕೇಳಿದಳು. ಮಣ್ಣಿನ ವಿಜ್ಞಾನಿ ಎಂದೆ, ಸ್ವಲ್ಪ ಗತ್ತಿನಿಂದಲೇ. ಹಾಗಾದರೆ ಮಣ್ಣು ತಂದಿದ್ದೀರಾ ಎಂದಳು. ಛೇ, ಇಲ್ಲ ಎಂದೆ. ಪೆಟ್ಟಿಗೆ ತೆಗೆಸಿದಳು. ಮೇಲುಗಡೆಯೇ, ಸೀರೆಗಳ ನಡುವೆ, ಎರಡು ಕೇಜಿ ಕಂದು ಪುಡಿ ಪ್ಲಾಸ್ಟಿಕ್ ಕವರಿನಲ್ಲಿ ಬೆಚ್ಚಗೆ ಮಲಗಿತ್ತು. ಆಕೆ ಇನ್ನೊಬ್ಬನನ್ನು ಕರೆದಳು. ಆತ ಕವರನ್ನು ಬೆಳಕಿಗೆ ಹಿಡಿದು ನೋಡಿದ. ಇದು ರಾಗಿ, ಹುರಿದು ಬೀಸಿದ್ದು, ತಿನ್ನುವುದು ಎಂದು ಮೂರು ಸಲ ಹೇಳಿದೆ. ತಿನ್ನುವುದು ಎಂಬ ಮಾತನ್ನು ಇಬ್ಬರೂ ನಂಬಲಿಲ್ಲ. ಕೊನೆಗೆ ಚಮಚ ಹುಡುಕಿ ತೆಗೆದು ತಿಂದೇ ತೋರಿಸಿದೆ. ಒಣ ಹುರಿಹಿಟ್ಟನ್ನು ನೀರಿಲ್ಲದೆ ನುಂಗಲು ಹೋದವರಿಗೆ ಗೊತ್ತು ಅದರ ಪಾಡು. ನನ್ನ ಕೆಮ್ಮು ನಿಲ್ಲುವ ಹೊತ್ತಿಗೆ ಆತನೇ ನೀರು ತಂದುಕೊಟ್ಟು, ಪೆಟ್ಟಿಗೆಯನ್ನು ತಾನೇ ಅದುಮಿ ಮುಚ್ಚಿ ಕಳಿಸಿಕೊಟ್ಟ.

ನನ್ನ ಹೆಸರು ಗಿರಿಜಮ್ಮ. ಹುಟ್ಟಿದ್ದು ಗುಬ್ಬಿ, ಕೊಟ್ಟಿದ್ದು ಕುಣಿಗಲ್ಲಿಗೆ, ಬಾಳುತ್ತಿರುವುದು ತುಮಕೂರಿನಲ್ಲಿ. ಈ ಮೂರು ಊರುಗಳ ತ್ರಿಕೋನ ಬಿಟ್ಟು ನಾನು ಹೆಚ್ಚು ದೂರ ಹೋದವಳಲ್ಲ. ತುಮಕೂರಿನ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಮಣ್ಣಿನ ಪಾಠ ಹೇಳುತ್ತಿದ್ದೇನೆ. ಎಂಟು ವರ್ಷದ ಹಿಂದೆ ಒಂದು ಸಂಶೋಧನಾ ಲೇಖನ ಬರೆದೆ. ಮಳೆ ಬಿದ್ದ ಮೇಲೆ ರಾಗಿ ಹೊಲದಲ್ಲಿ ಎಡೆಕುಂಟೆ ಹೊಡೆದು ಮೇಲ್ಮಣ್ಣು ಸಡಿಲ ಮಾಡಿದರೆ ಒಳಗಿನ ತೇವ ಹೆಚ್ಚು ದಿನ ನಿಲ್ಲುತ್ತದೆ ಎನ್ನುವುದು ಅದರ ತಿರುಳು. ನಮ್ಮ ಕಡೆಯ ಯಾವ ಅಜ್ಜನನ್ನು ಕೇಳಿದ್ದರೂ ಇದನ್ನು ಹೇಳುತ್ತಿದ್ದ. ನಾನು ಒಂದು ಹೊಲದ ಮಣ್ಣನ್ನು ಮುಂಗಾರಿನುದ್ದಕ್ಕೂ ತೆಗೆದು, ತೂಗಿ, ಒಣಗಿಸಿ, ಮತ್ತೆ ತೂಗಿ, ಅಂಕಿಗಳಲ್ಲಿ ಹೇಳಿದೆ. ಅಜ್ಜಂದಿರು ಹೇಳಿದರೆ ಗಾದೆ, ಅಂಕಿಯಲ್ಲಿ ಹೇಳಿದರೆ ವಿಜ್ಞಾನ. ಆ ಲೇಖನ ಎಲ್ಲೆಲ್ಲೋ ಓಡಾಡಿತು. ಬಡ್ತಿ ಸಿಕ್ಕಿತು. ಸಭೆಗಳಲ್ಲಿ ನನ್ನನ್ನು 'ಎಡೆಕುಂಟೆ ಮೇಡಂ' ಎಂದು ಪರಿಚಯಿಸುವಷ್ಟು ಆಯಿತು. ಅದೊಂದನ್ನು ಬಿಟ್ಟರೆ ನನ್ನ ಹೆಸರಿಗೆ ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ.

ಈಗ ಆ ಲೇಖನಕ್ಕೇ ಪರೀಕ್ಷೆ. ಒಣಬೇಸಾಯದ ಬಗ್ಗೆ ನಾನಾ ದೇಶಗಳಲ್ಲಿ ಆಗಿರುವ ಹಳೆಯ ಸಂಶೋಧನೆಗಳನ್ನು ಎಐ ಏಜೆಂಟ್‌ಗಳ ಕೈಗೆ ಕೊಟ್ಟು, ಅದೇ ಅಂಕಿ ಇಟ್ಟುಕೊಂಡು ಲೆಕ್ಕ ಮಾಡಿದರೆ ಅದೇ ಉತ್ತರ ಬರುತ್ತದೆಯೇ ಎಂದು ನೋಡುವ ಒಂದು ವಾರದ ಕಾರ್ಯಾಗಾರ. ಪಾಸಾದವು ಒಂದು ಕೈಪಿಡಿಗೆ ಸೇರುತ್ತವೆ. ಲೇಖಕರು ಎದುರಿಗೆ ಕೂತು ಪ್ರಶ್ನೆಗಳಿಗೆ ಉತ್ತರಿಸಬೇಕು. ನಿಮಗೆ ಭಯವಾಗಲಿಲ್ಲವೇ ಎಂದು ಆಮೇಲೆ ಹಲವರು ಕೇಳಿದರು. ಒಂದು ಸಣ್ಣ ವಿಷಯವಿತ್ತು. ಅದನ್ನು ಮರೆತಿದ್ದೇನೆ ಎಂದು ನಾನು ನಂಬಿಕೊಂಡಿದ್ದೆ.

ಸೋಮವಾರ: ಬೀಗ ಹಾಕಿದ ಪೇಟೆ

ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಒಂದು ಗಂಟೆ ಹೋದರೆ ಸಿಗುವ ಸಣ್ಣ ಊರು. ಅದರ ಹೆಸರನ್ನು ಗಂಟಲಲ್ಲಿ ಕಫ ಕಟ್ಟಿದವರು ಮಾತ್ರ ಸರಿಯಾಗಿ ಹೇಳಬಲ್ಲರು. ನಾನು ಹೇಳಿದಾಗಲೆಲ್ಲ ಎದುರಿನವರು ನಗುತ್ತಿದ್ದರು, ಆದ್ದರಿಂದ ಇಲ್ಲೂ ಬರೆಯುವುದಿಲ್ಲ.

ಬೆಳಿಗ್ಗೆ ಎದ್ದು ಹಾಲು, ಬ್ರೆಡ್ಡು ತರೋಣವೆಂದು ಹೊರಟೆ. ಹತ್ತು ಗಂಟೆಯಾದರೂ ಅರ್ಧ ಪೇಟೆಗೆ ಬೀಗ. ಯಾರೋ ದೊಡ್ಡವರು ಹೋಗಿಬಿಟ್ಟರೇನೋ ಎಂದುಕೊಂಡೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳನ್ನು ನಿಲ್ಲಿಸಿ ಕೇಳಿದೆ. ಸೋಮವಾರವಲ್ಲವೇ, ಮಧ್ಯಾಹ್ನ ಒಂದಕ್ಕೆ ತೆಗೆಯುತ್ತಾರೆ ಎಂದು ಹೇಳಿ ಪೆಡಲು ತುಳಿದಳು. ಶನಿವಾರ ಎಲ್ಲ ದುಡಿದ ಅಂಗಡಿಯವನಿಗೆ ಸೋಮವಾರ ಬೆಳಿಗ್ಗೆ ವಿಶ್ರಾಂತಿಯಂತೆ. ನಮ್ಮ ಎಂ.ಜಿ. ರಸ್ತೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ಪಕ್ಕದ ಅಂಗಡಿಯವನಿಗೆ ಹಬ್ಬ.

ಇನ್ನೊಂದು ವಿಚಿತ್ರ ಕಂಡೆ. ಬೀದಿಗೆ ಮುಖ ಮಾಡಿದ ದೊಡ್ಡ ದೊಡ್ಡ ಗಾಜಿನ ಕಿಟಕಿ, ಒಂದಕ್ಕೂ ಪರದೆ ಇಲ್ಲ. ಒಳಗೆ ಕೂತು ಪೇಪರು ಓದುವವರು, ಮಗುವಿಗೆ ಉಣಿಸುವವರು, ಸುಮ್ಮನೆ ತಲೆ ಕೆರೆದುಕೊಳ್ಳುವವರು, ಎಲ್ಲರೂ ಬೀದಿಗೆ ಕಾಣುತ್ತಾರೆ. ಮುಚ್ಚಿಡುವುದೇನೂ ಇಲ್ಲ ಎಂದು ತೋರಿಸಲು ಹಿಂದಿನವರು ಹೀಗೆ ಮಾಡುತ್ತಿದ್ದರಂತೆ. ನಮ್ಮಲ್ಲಿ ಮುಚ್ಚಿಡುವುದೇನೂ ಇಲ್ಲದ ಮನೆಯಲ್ಲೂ ಮೊದಲು ಕೊಳ್ಳುವುದು ಪರದೆಯನ್ನೇ.

ನನ್ನನ್ನು ಇಳಿಸಿದ್ದ ಮನೆಯಲ್ಲಿ ಇನ್ನೊಬ್ಬಳಿದ್ದಳು. ಕೀನ್ಯಾದ ವಂಜೀರು. ನನ್ನದೇ ವಯಸ್ಸು, ನನ್ನ ಎರಡರಷ್ಟು ಎತ್ತರ, ತಾನೂ ತನ್ನ ಲೇಖನದ ಪರೀಕ್ಷೆಗೆ ಬಂದವಳು. ನಾನು ಬಿಸಿ ಹಾಲಿಗೆ ಹುರಿಹಿಟ್ಟು ಕಲಸುತ್ತಿದ್ದರೆ ಬಂದು ಮೂಸಿ ನೋಡಿ, ಇದು ನಮ್ಮ ವಿಂಬಿ ಎಂದಳು. ಅವರಲ್ಲೂ ರಾಗಿ ಬೆಳೆಯುತ್ತಾರೆ, ಗಂಜಿ ಕಾಸಿ ಕುಡಿಯುತ್ತಾರೆ. ಏರ್‌ಪೋರ್ಟಿನಲ್ಲಿ ಮಣ್ಣೆನಿಸಿಕೊಂಡ ಪುಡಿಗೆ ನೆಂಟರೊಬ್ಬರು ಸಿಕ್ಕಿದರು ಎಂದು ನನಗೆ ಎಷ್ಟು ಸಂತೋಷವಾಯಿತೆಂದರೆ, ಆವತ್ತೇ ಕವರಿನ ಅರ್ಧ ಅವಳಿಗೆ ಕೊಟ್ಟೆ.

ಮಂಗಳವಾರ: ಏಜೆಂಟರ ಪರಿಚಯ

ಕಾರ್ಯಾಗಾರ ನಡೆಸುವಾಕೆ ಮರೈಕ. ಅರವತ್ತರ ಹತ್ತಿರದ, ಚಿಕ್ಕದಾಗಿ ಕೂದಲು ಕತ್ತರಿಸಿದ ಹೆಂಗಸು. ನನ್ನನ್ನು ನೋಡಿದ ಐದು ನಿಮಿಷಕ್ಕೇ, "ನಿಮ್ಮ ಲೇಖನ ಚೆನ್ನಾಗಿದೆ, ಚಿತ್ರಗಳು ಚೆನ್ನಾಗಿಲ್ಲ" ಎಂದಳು. ಮುಖದಲ್ಲಿ ಬೇಸರವಿಲ್ಲ, ಕೋಪವಿಲ್ಲ. ಹೊರಗೆ ಮಳೆ ಬರುತ್ತಿದೆ ಎನ್ನುವ ಧಾಟಿ. ನಮ್ಮ ಕಾಲೇಜಿನಲ್ಲಿ ಇಂಥದ್ದನ್ನು ಹೇಳಲು ಒಂದು ಕಾಫಿ, ಎರಡು ಹೊಗಳಿಕೆ, ಒಂದು 'ತಪ್ಪು ತಿಳ್ಕೋಬೇಡಿ' ಇಷ್ಟಾದರೂ ಬೇಕು.

ಏಜೆಂಟ್ ಎಂದರೆ ನನಗೆ ನೆನಪಿಗೆ ಬರುತ್ತಿದ್ದುದು ತುಮಕೂರಿನ ಹೊರಗೆ ಸತ್ಯಮಂಗಲದ ಕಡೆ ಸೈಟು ತೋರಿಸುವ ಜನ. ಇಲ್ಲಿಯವು ಕಂಪ್ಯೂಟರಿನೊಳಗಿನ ಏಜೆಂಟುಗಳು. ಒಂದು ಕೆಲಸ ವಹಿಸಿದರೆ ಹೆಜ್ಜೆ ಹೆಜ್ಜೆಗೂ ಕೇಳದೆ ತಾವೇ ಮುಂದುವರಿಯುತ್ತವೆ. ಹೆಣ್ಣು ಕೊಡುವ ಮುಂಚೆ ಗಂಡಿನ ಊರಿಗೆ ಸದ್ದಿಲ್ಲದೆ ಹೋಗಿ ವಿಚಾರಿಸಿಕೊಂಡು ಬರುವ ನೆಂಟರಿರುತ್ತಾರಲ್ಲ, ಹೆಚ್ಚೂಕಡಿಮೆ ಹಾಗೆ. ಒಂದು ಏಜೆಂಟು ಲೇಖನ ಓದಿ ಏನು ಹೇಳಿದೆಯೆಂದು ಪಟ್ಟಿ ಮಾಡುತ್ತದೆ. ಇನ್ನೊಂದು ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡುತ್ತದೆ. ಮೂರನೆಯದು ಮೂಲ ಅಂಕಿಗಳನ್ನು ಕೆದಕುತ್ತದೆ. ನಾಲ್ಕನೆಯದು ಉಳಿದವರ ಸಂಶಯಗಳನ್ನು ಒಟ್ಟುಮಾಡಿ ಲೇಖಕರನ್ನು ಕೇಳುತ್ತದೆ. ಹಸಿರು, ಹಳದಿ, ಕೆಂಪು ಗುರುತು ಹಾಕುವುದು ಅವು. ಕೊನೆಯ ತೀರ್ಪು ಮನುಷ್ಯರದು.

ಮನುಷ್ಯರು ಬೇಕು ಎನ್ನುವುದು ಮೊದಲ ಗಂಟೆಯಲ್ಲೇ ಗೊತ್ತಾಯಿತು. ಸ್ಪೇನಿನಿಂದ ಬಂದವನೊಬ್ಬನ ಗೋಧಿ ಪೈರು ತೆಂಗಿನ ಮರದಷ್ಟು ಎತ್ತರ ಬೆಳೆದಿದೆ ಎಂದು ಏಜೆಂಟು ಕೆಂಪು ಗುರುತು ಹಾಕಿತ್ತು. ಅವರ ದೇಶದಲ್ಲಿ ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ, ಏಜೆಂಟು ಅದನ್ನು ನುಂಗಿಬಿಟ್ಟಿತ್ತು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮರೈಕ ಸರಿಮಾಡಿದಳು. ಏಜೆಂಟು ಕ್ಷಮೆ ಕೇಳಿ ಹಸಿರು ಹಾಕಿತು. ನನಗೂ ಒಳಗೊಳಗೇ ಧೈರ್ಯ ಬಂತು, ಇದಕ್ಕೆ ಅಲ್ಪವಿರಾಮವೇ ಗೊತ್ತಿಲ್ಲ, ನಮ್ಮ ರಾಗಿ ಹೊಲ ಏನು ಗೊತ್ತಾದೀತು ಎಂದು.

ಸಂಜೆ ಆರಕ್ಕೇ ಮರೈಕಳ ಮನೆಯಲ್ಲಿ ಎಲ್ಲರಿಗೂ ಊಟ. ಅವರಲ್ಲಿ ಆರು ಗಂಟೆಗೆ ಉಂಡು ಮುಗಿಸುತ್ತಾರೆ, ನಾವು ಕಾಫಿ ಕುಡಿದು ತರಕಾರಿ ಹೆಚ್ಚಲು ಕೂರುವ ಹೊತ್ತಿಗೆ. ಕೈ ತೊಳೆಯಲು ಹೋದರೆ ಕಕ್ಕಸಿನ ಗೋಡೆಯ ಮೇಲೆ ಒಂದು ಕ್ಯಾಲೆಂಡರು, ದಿನದಿನಕ್ಕೆ ಯಾರು ಯಾರದೋ ಹೆಸರು. ನೆಂಟರಿಷ್ಟರ ಹುಟ್ಟಿದ ಹಬ್ಬದ ಪಟ್ಟಿಯಂತೆ. ಅದನ್ನು ನೇತುಹಾಕಲು ಅವರಿಗೆ ಸಿಕ್ಕಿದ ಜಾಗ ಅದು. ದಿನಾ ತಪ್ಪದೆ ಕಣ್ಣಿಗೆ ಬೀಳುವ ಜಾಗ ಮನೆಯಲ್ಲಿ ಬೇರೆ ಯಾವುದಿದೆ ಹೇಳಿ ಎಂದು ಮರೈಕ ಕೇಳಿದಳು. ಯೋಚಿಸಿದೆ. ಸರಿಯೇ.

ಬುಧವಾರ: ನನ್ನ ಸರದಿ

ಬೆಳಿಗ್ಗೆ ಹತ್ತಕ್ಕೆ ದೊಡ್ಡ ಪರದೆಯ ಮೇಲೆ ನನ್ನ ಲೇಖನ ಮೂಡಿತು. ಮೊದಲ ಏಜೆಂಟು ಹಸಿರು. ಎರಡನೆಯದೂ ಹಸಿರು, ಲೆಕ್ಕ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಪಕ್ಕದಲ್ಲಿದ್ದ ವಂಜೀರು ನನ್ನ ಕೈ ಅದುಮಿದಳು. ಮೂರನೆಯದು ಕೆಂಪು.

ಕೆಳಗೆ ನಾಲ್ಕನೆಯ ಏಜೆಂಟಿನ ಪ್ರಶ್ನೆ, ಬಹಳ ಮರ್ಯಾದೆಯ ಭಾಷೆಯಲ್ಲಿ: ಮಣ್ಣಿನ ತೇವದ ಪಟ್ಟಿಯಲ್ಲಿ ಪ್ರತಿ ಏಳನೆಯ ದಿನದ ಅಂಕಿ, ಹಿಂದಿನ ದಿನದ್ದಕ್ಕೂ ಮರುದಿನದ್ದಕ್ಕೂ ನಟ್ಟನಡುವೆ ಇದೆ. ಒಂದು ವಾರವೂ ತಪ್ಪಿಲ್ಲ. ಕುಂಟೆ ಹೊಡೆದ ಭಾಗದಲ್ಲೂ ಹಾಗೇ, ಹೊಡೆಯದ ಭಾಗದಲ್ಲೂ ಹಾಗೇ. ಆ ದಿನಗಳೆಲ್ಲ ಸೋಮವಾರ. ಲೇಖಕರು ವಿವರಿಸಬಹುದೇ?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುತ್ತಿಗೆಯ ಬೆವರು ಒರೆಸಿಕೊಂಡೆ. ಅಚ್ಚಾಗುವ ಮುಂಚೆ ಮೂವರು ವಿದ್ವಾಂಸರು ಅದೇ ಪಟ್ಟಿ ನೋಡಿದ್ದರು, ಆಮೇಲೆ ಎಷ್ಟೋ ಜನ ಓದಿದ್ದರು. ಎಂಟು ವರ್ಷದಲ್ಲಿ ಒಬ್ಬರಿಗೂ ಕಾಣದ್ದು ಅದಕ್ಕೆ ಕಂಡಿತ್ತು.

ಮೈಕು ಕೈಗೆ ಬಂತು. ನಾನು ಸೋಮವಾರದ ಕಥೆ ಹೇಳಿದೆ.

ಕಥೆ ಸುಳ್ಳಲ್ಲ. ಹೊಲ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಶಿವನಂಜಯ್ಯನವರದು. ಪ್ರಯೋಗ ಶುರುವಾದ ಮೊದಲ ಸೋಮವಾರ ನಾನು ಮಣ್ಣು ತೆಗೆಯುವ ಕಬ್ಬಿಣದ ಕೊಳವೆ ಹಿಡಿದು ಬಸ್ಸಿಳಿದು ಹೋದರೆ, ಶಿವನಂಜಯ್ಯ ಬದುವಿನ ಮೇಲೆ ನಿಂತಿದ್ದರು.

"ಇವತ್ತು ಸ್ವಾಮಾರ ಮೇಡಂ. ಎತ್ಗೂ ರಜಾ, ಭೂಮಿಗೂ ರಜಾ. ಕಬ್ಬಿಣ ಇಳ್ಸಂಗಿಲ್ಲ."

"ಒಂದು ಹಿಡಿ ಮಣ್ಣು ಶಿವನಂಜಯ್ಯನೋರೆ, ಅಷ್ಟೇ."

"ಒಂದ್ ಹಿಡಿ ಆದ್ರೂ ಅಗ್ದಂಗೇ ಅಲ್ವಾ. ನಾಳೆ ಬನ್ನಿ. ಕಾಪಿ ಕುಡ್ಕಂಡ್ ಹೋಗಿ."

ಸೋಮವಾರ ಎತ್ತಿಗೆ ನೊಗ ಹೂಡದಿರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ, ಅದು ಬಸವಣ್ಣನ ದಿನ. ಶಿವನಂಜಯ್ಯನ ಮನೆಯವರು ಒಂದು ಹೆಜ್ಜೆ ಮುಂದೆ, ಆವತ್ತು ಹೊಲಕ್ಕೆ ಕುಡುಗೋಲನ್ನೂ ಒಯ್ಯುವವರಲ್ಲ. ಇದನ್ನೆಲ್ಲ ನನ್ನ ಗುಬ್ಬಿ ಇಂಗ್ಲಿಷಿನಲ್ಲಿ ಹೇಳಿದೆ. ಎತ್ತಿನ ಹೆಗಲಿಗೂ ವಾರಕ್ಕೊಂದು ದಿನ ಬಿಡುವು ಕೊಡುವ ಜನ ಎಂದಾಗ ಸಭೆ ಕರಗಿಹೋಯಿತು. ಸ್ಪೇನಿನವನು ಎದ್ದು ನಿಂತು ಚಪ್ಪಾಳೆ ತಟ್ಟಿದ. ಫೋನಿನಲ್ಲಿದ್ದ ಎತ್ತಿನ ಫೋಟೋ ಕೈಯಿಂದ ಕೈಗೆ ಹೋಯಿತು. ಯಂತ್ರಕ್ಕೆ ಸಂಸ್ಕೃತಿ ಗೊತ್ತಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ ಎಂದು ಒಬ್ಬರು ಹೇಳಿದರು. ಮರೈಕ ಕೆಂಪನ್ನು ತೆಗೆದು ಹಳದಿ ಹಾಕಿ, ಪಕ್ಕದಲ್ಲಿ 'ಸ್ಥಳೀಯ ಆಚರಣೆ' ಎಂದು ಬರೆದಳು.

ನಾನು ಹಿಗ್ಗುತ್ತಾ ಬಂದು ಕೂತೆ. ವಂಜೀರು, "ಒಳ್ಳೆಯ ಕಥೆ" ಎಂದಳು. ಅಷ್ಟೇ ಅಂದಳು.

ಗುರುವಾರ: ಯಾರು ಬರೆದರು

ಬೆಳಗಿನ ಗಂಜಿ ಕುಡಿಯುತ್ತಿದ್ದಾಗ ಫೋನಿಗೆ ಒಂದು ಮೆಸೇಜು. ಏಜೆಂಟಿನದು. ವಿವರಣೆಗೆ ಧನ್ಯವಾದ ಹೇಳಿತ್ತು, ಸೋಮವಾರದ ಆಚರಣೆ ತನಗೆ ತಿಳಿದಿರಲಿಲ್ಲ, ತಿಳಿದದ್ದು ಒಳ್ಳೆಯದಾಯಿತು ಎಂದಿತ್ತು. ಆಮೇಲೆ ಒಂದೇ ಒಂದು ಪ್ರಶ್ನೆ. ಸೋಮವಾರ ಮಣ್ಣು ತೆಗೆಯಲಿಲ್ಲವಾದರೆ, ಪಟ್ಟಿಯಲ್ಲಿರುವ ಸೋಮವಾರದ ಅಂಕಿಗಳನ್ನು ಬರೆದವರು ಯಾರು?

ನನಗೆ ಸಿಟ್ಟು ನೆತ್ತಿಗೇರಿತು. ಅಲ್ಪವಿರಾಮ ಗೊತ್ತಿಲ್ಲದ್ದು ನನ್ನನ್ನು ಕೇಳುತ್ತದೆಯೇ. ಸಭೆಯೇ ಒಪ್ಪಿದೆ, ಇದಕ್ಕೇನು. ಫೋನನ್ನು ಬೋರಲು ಹಾಕಿದೆ. ವಂಜೀರು ಏನೆಂದು ಕೇಳಿದಳು. ಓದಿ ಹೇಳಿದೆ.

"ಉತ್ತರ ಕೊಡದಿದ್ದರೆ ಏನಾಗುತ್ತದೆ?" ಎಂದಳು.

"ಏನೂ ಆಗುವುದಿಲ್ಲ. ಮರೈಕ ಒಪ್ಪಿ ಆಗಿದೆ. ಹಳದಿ ಆದರೂ ಪಾಸೇ."

"ಹಾಗಾದರೆ ಸುಲಭವಾಯಿತಲ್ಲ" ಎಂದು ಗಂಜಿ ಕುಡಿಯುವುದನ್ನು ಮುಂದುವರಿಸಿದಳು. ಅವಳ ಮೇಲೂ ಸಿಟ್ಟು ಬಂತು.

ಕಾಲುವೆಯ ಪಕ್ಕ ನಡೆಯುತ್ತಾ ಹೊರಟೆ. ಗೊತ್ತಿಲ್ಲದೆ ಸೈಕಲ್ಲಿನ ದಾರಿಯಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಗಂಟೆ ಬಾರಿಸಿದರು, ನಾನು ಎಡಕ್ಕೆ ಸರಿದೆ, ಅವರೂ ಎಡಕ್ಕೆ, ಬಲಕ್ಕೆ ಸರಿದೆ, ಅವರೂ ಬಲಕ್ಕೆ. ಕೊನೆಗೆ ಸೀರೆ ಸಮೇತ ಪೊದೆಗೆ ಬಿದ್ದೆ. ಸೂಟು ಹಾಕಿದ್ದ ಒಬ್ಬಾತ ಸೈಕಲ್ಲು ನಿಲ್ಲಿಸಿ ಕೈಕೊಟ್ಟು ಎಬ್ಬಿಸಿ, ನೀವು ನಡೆಯುತ್ತಿರುವುದು ತಪ್ಪು ದಾರಿ ಎಂದು ಹೇಳಿ ಹೋದ. ಬೈಗುಳವಲ್ಲ, ಮಾಹಿತಿ. ಈ ಊರಿನ ಜನ ಹೀಗೆ ಮಾಹಿತಿ ಕೊಟ್ಟುಕೊಟ್ಟೇ ಮನುಷ್ಯರನ್ನು ಸಾಯಿಸುತ್ತಾರೆ ಅನ್ನಿಸಿತು.

ಬೆಂಚಿನ ಮೇಲೆ ಕೂತು ಸೀರೆಗೆ ಅಂಟಿದ ಎಲೆ ತೆಗೆಯುತ್ತಾ, ಮರೆತಿದ್ದೇನೆ ಎಂದುಕೊಂಡಿದ್ದ ಆ ವಿಷಯವನ್ನು ನೆನೆದೆ. ಪ್ರಯೋಗ ಮುಗಿದು ಪಟ್ಟಿ ಮಾಡಿದಾಗ ಸೋಮವಾರಗಳೆಲ್ಲ ಖಾಲಿ, ಹಲ್ಲು ಬಿದ್ದ ಬಾಯಿಯ ಹಾಗೆ. ಖಾಲಿ ಬಿಡಬಹುದಿತ್ತು. ಬಿಟ್ಟರೆ ಕಾರಣ ಬರೆಯಬೇಕಿತ್ತು. ಬರೆದೂ ಇದ್ದೆ, 'ಧಾರ್ಮಿಕ ಆಚರಣೆಯ ಕಾರಣ' ಎಂದು. ಓದಿಕೊಂಡರೆ ನಾಚಿಕೆಯಾಯಿತು. ಹೊರದೇಶದ ವಿದ್ವಾಂಸರು ನಗುತ್ತಾರೆ, ಇವರ ವಿಜ್ಞಾನ ಪಂಚಾಂಗ ನೋಡಿ ನಡೆಯುತ್ತದೆ ಎನ್ನುತ್ತಾರೆ ಅನ್ನಿಸಿತು. ಅಳಿಸಿದೆ. ಭಾನುವಾರದ್ದನ್ನೂ ಮಂಗಳವಾರದ್ದನ್ನೂ ಕೂಡಿಸಿ ಅರ್ಧ ಮಾಡಿ ಖಾಲಿ ಜಾಗಗಳಿಗೆ ತುಂಬಿದೆ. ಹತ್ತು ನಿಮಿಷದ ಕೆಲಸ. ಲೇಖನದಲ್ಲಿ 'ಪ್ರತಿದಿನ ಮಣ್ಣು ತೆಗೆಯಲಾಯಿತು' ಎಂದು ಬರೆದೆ. ಹಾಗೆ ಅಂದಾಜು ತುಂಬುವುದು ದೊಡ್ಡ ಅಪರಾಧವೇನಲ್ಲ, ಅಂದಾಜು ಎಂದು ಹೇಳಿ ತುಂಬಿದ್ದರೆ. ನಾನು ಹೇಳಲಿಲ್ಲ. ಯಾವ ಆಚರಣೆಯನ್ನು ನಾಚಿಕೊಂಡು ಮುಚ್ಚಿಟ್ಟಿದ್ದೆನೋ ಅದನ್ನೇ ನಿನ್ನೆ ಎತ್ತಿ ಹಿಡಿದು ಚಪ್ಪಾಳೆ ತೆಗೆದುಕೊಂಡಿದ್ದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮಮ್ಮ ಹೇಳುತ್ತಿದ್ದಳು. ಎದ್ದು ಮರೈಕಳ ಕೋಣೆಗೆ ಹೋದೆ. ಕೂರಲೂ ಇಲ್ಲ, ನಿಂತೇ ಹೇಳಿದೆ.

ನಮ್ಮಲ್ಲಾಗಿದ್ದರೆ, ಹೋಗಲಿ ಬಿಡಿ, ಯಾರೂ ಮಾಡದ್ದೇನಲ್ಲ ಎನ್ನುತ್ತಿದ್ದರು. ಆ ಮಾತಿಗಾಗಿ ನಾನು ಕಾದಿದ್ದೂ ನಿಜ. ಮರೈಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಇದು ತಪ್ಪು" ಎಂದಳು.

"ಹೌದು."

"ಈಗ ಹೇಳಿದ್ದು ಒಳ್ಳೆಯದು. ನಿನ್ನೆ ಹೇಳಿದ್ದರೆ ಇನ್ನೂ ಒಳ್ಳೆಯದಿತ್ತು. ನಾನೂ ನಿನ್ನೆ ಈ ಪ್ರಶ್ನೆ ಕೇಳಬೇಕಿತ್ತು, ಕಥೆಗೆ ಮರುಳಾದೆ. ಮಧ್ಯಾಹ್ನ ಎಲ್ಲರ ಮುಂದೆ ಹೇಳುತ್ತೀರಾ?"

ಹೇಳಿದೆ. ಈ ಸಲ ಚಪ್ಪಾಳೆ ಇಲ್ಲ. ಸ್ಪೇನಿನವನು ತನ್ನ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದ. ಪೂರ್ತಿ ಹೇಳಿದೆ. ಸೋಮವಾರಗಳನ್ನು ಬಿಟ್ಟು ಮತ್ತೆ ಲೆಕ್ಕ ಹಾಕಲು ಏಜೆಂಟುಗಳಿಗೆ ಹೇಳಿದರು. ನಾವು ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿತ್ತು. ಎಡೆಕುಂಟೆ ಹೊಡೆದರೆ ತೇವ ನಿಲ್ಲುತ್ತದೆ ಎನ್ನುವುದು ಬೀಳಲಿಲ್ಲ. ಎಷ್ಟು ದಿನ ನಿಲ್ಲುತ್ತದೆ ಎಂದು ನಾನು ಎದೆ ತಟ್ಟಿ ಹೇಳಿದ್ದೆನಲ್ಲ, ಅದು ಬಿತ್ತು. 'ಖಂಡಿತ' ಎಂದು ಬರೆದಿದ್ದ ಕಡೆಯೆಲ್ಲ ಇನ್ನು 'ಬಹುಶಃ'. ಲೇಖನ ಈ ಸಲದ ಕೈಪಿಡಿಗೆ ಸೇರುವುದಿಲ್ಲ. ಕೆಂಪು ಗುರುತು ವಾಪಸು ಬಂತು, ಪಕ್ಕದಲ್ಲಿ ಕಾರಣವೂ. ಪತ್ರಿಕೆಗೆ ನಾನೇ ತಿದ್ದುಪಡಿ ಬರೆದು ಕಳಿಸಬೇಕು.

ಏಜೆಂಟಿನ ಪ್ರಶ್ನೆಗೂ ಉತ್ತರ ಬರೆದೆ, 'ನಾನು' ಎಂದು. ಸ್ಪಷ್ಟ ಉತ್ತರಕ್ಕೆ ಧನ್ಯವಾದ ಎಂದಿತು.

ಶುಕ್ರವಾರ: ಎರಡು ಪಟ್ಟಿ

ಕೊನೆಯ ದಿನ ಊರು ತೋರಿಸಲು ಕರೆದೊಯ್ದರು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ಹೊಲ, ಅದರಿಂದ ನೀರನ್ನು ಹೊರಗೆ ಎತ್ತಿ ಹಾಕುವ ಪಂಪು. ನೀರು ಹೊರಹಾಕಲು ಕರೆಂಟು ಸುಡುವ ರೈತರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇಲ್ಲಿ ಬೋರ್‌ವೆಲ್ ಎಷ್ಟು ಅಡಿ ಎಂದು ಬಾಯಿ ತಪ್ಪಿ ಕೇಳಿ ನಗೆಪಾಟಲಾದೆ. ಕಪ್ಪು ಮಣ್ಣು, ಬೆಣ್ಣೆಯಂಥದ್ದು. ಬಗ್ಗಿ ಒಂದು ಹಿಡಿ ಹಿಡಿದು ಮೂಸಿದೆ. ತೇವ ಅಳೆಯುವ ಕಷ್ಟವೇ ಇಲ್ಲದ ಜನ.

ಸಂಜೆ ಮರೈಕಳ ಮನೆಯಲ್ಲಿ ಮತ್ತೆ ಆರು ಗಂಟೆಯ ಊಟ. ವಂಜೀರು ಉಳಿದ ಹುರಿಹಿಟ್ಟಿನಲ್ಲಿ ಎಲ್ಲರಿಗೂ ಗಂಜಿ ಕಾಸಿದಳು. ಸ್ಪೇನಿನವನು ಎರಡು ಲೋಟ ಕುಡಿದ, ಮೊದಲನೆಯದು ಮರ್ಯಾದೆಗೆ, ಎರಡನೆಯದು ರುಚಿಗೆ. ಮರೈಕ ನನ್ನ ಹುಟ್ಟಿದ ದಿನ ಯಾವುದೆಂದು ಕೇಳಿ, ಪೆನ್ನು ಹಿಡಿದು ಕಕ್ಕಸಿನೊಳಗೆ ಹೋದಳು. ಹೀಗೆ ಒಂದೇ ವಾರದಲ್ಲಿ ಹಾಲೆಂಡಿನ ಎರಡು ಪಟ್ಟಿಗಳಲ್ಲಿ ನನ್ನ ಹೆಸರು ಸೇರಿತು. ಒಂದು ಕೆಂಪು ಗುರುತಿನದು, ಇನ್ನೊಂದು ಕಕ್ಕಸಿನ ಗೋಡೆಯದು. ಎರಡನೆಯದನ್ನು ಕಂಡು ನನಗೆ ಕಣ್ಣು ತುಂಬಿ ಬಂತು. ತಪ್ಪನ್ನು ತಪ್ಪು ಎಂದವಳೇ ನನ್ನನ್ನು ಮನೆಯವರ ಸಾಲಿಗೆ ಸೇರಿಸಿಕೊಂಡಿದ್ದಳು.

ಸಿ.ಎಸ್. ಪುರ

ತುಮಕೂರಿಗೆ ವಾಪಸು ಬಂದು ಎರಡು ವಾರ ತಿದ್ದುಪಡಿ ಬರೆದೆ. ಒಂದೂವರೆ ಪುಟವಾಯಿತು. 'ಅನಿವಾರ್ಯ ಸ್ಥಳೀಯ ಕಾರಣಗಳಿಂದ', 'ಸಂಖ್ಯಾಶಾಸ್ತ್ರದ ಅಂಗೀಕೃತ ಕ್ರಮದಂತೆ' ಎಂದೆಲ್ಲ ಇಂಗ್ಲಿಷಿನಲ್ಲಿ ಹೂವು ಹೆಣೆದಿದ್ದೆ. 'ನಾನು' ಎಂಬುದು ಅದರಲ್ಲಿ ಎಲ್ಲೂ ಇರಲಿಲ್ಲ. ಕಳಿಸುವ ಮುಂಚೆ ಶಿವನಂಜಯ್ಯನವರಿಗೆ ಒಂದು ಮಾತು ಹೇಳೋಣವೆಂದು ಗುಬ್ಬಿಗೆ ಹೋಗಿ ಅಲ್ಲಿಂದ ಬಸ್ಸು ಹತ್ತಿದೆ. ಮನಸ್ಸು ಹಗುರವಾಗಿತ್ತು. ಬುಡಿ ಮೇಡಂ ಎಂದು ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ.

ಶಿವನಂಜಯ್ಯ ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳುತ್ತಿದ್ದರು.

"ಏನ್ ಮೇಡಂ, ಫಾರಿನ್ನಿಂದ ಯಾವಾಗ್ ಬಂದ್ರಿ? ಅಲ್ಲೂ ರಾಗಿ ಬೆಳೀತಾರಾ?"

ಹಾಲೆಂಡಿನ ಪಂಪು, ಸೈಕಲ್ಲು, ಪೊದೆಗೆ ಬಿದ್ದದ್ದು ಎಲ್ಲ ಹೇಳಿ ನಗಿಸಿದೆ. ಆಮೇಲೆ ಪುಟ ತೆಗೆದು ಕನ್ನಡ ಮಾಡಿ ಓದಿದೆ. ಅವರ ಕೈಯ ಗರಿ ನಿಂತಿತು.

"ಅಂದ್ರೆ, ಇಷ್ಟ್ ವರ್ಷ ಏನಂತ ಬರ್ದಿತ್ತು?"

"ದಿನಾ ಮಣ್ಣು ತೆಗೆದಿದ್ದೀವಿ ಅಂತ."

"ಸ್ವಾಮಾರಾನೂವಾ?"

"ಸೋಮವಾರಾನೂ."

ಅವರು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಒಂದು ಫ್ರೇಮು. ಲೇಖನ ಅಚ್ಚಾದಾಗ ಅದರ ಮೊದಲ ಪುಟವನ್ನೂ, ಅವರಿಗೆ ಕೃತಜ್ಞತೆ ಹೇಳಿದ್ದ ಕೊನೆಯ ಪುಟವನ್ನೂ ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೆ. ಕಟ್ಟು ಹಾಕಿಸಿ ದೇವರ ಫೋಟೋಗಳ ಸಾಲಿನಲ್ಲಿ ಇಟ್ಟಿದ್ದರು. ಗಾಜಿನ ಮೂಲೆಯಲ್ಲಿ ವಿಭೂತಿಯ ಗುರುತಿತ್ತು. ಅವರಿಗೆ ಇಂಗ್ಲಿಷು ಬರುವುದಿಲ್ಲ.

"ಇದ್ರಾಗೆ ಎಲ್ಲೈತೆ ಅದು?"

ಮೊದಲ ಪುಟದಲ್ಲೇ ಇತ್ತು. 'ಪ್ರತಿದಿನ' ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಅದನ್ನು ಬಹಳ ಹೊತ್ತು ನೋಡಿದರು.

"ನಮ್ಮಪ್ಪನ ಕಾಲ್ದಿಂದ ಆ ಹೊಲಕ್ಕೆ ಸ್ವಾಮಾರ ಕಬ್ಬಿಣ ಬಿದ್ದಿಲ್ಲ ಮೇಡಂ" ಎಂದರು. ದನಿ ಏರಿಸಲಿಲ್ಲ. "ನನ್ ಹೆಸರು ಹಾಕಿ, ಊರ್ ಹೆಸರು ಹಾಕಿ, ಅಗ್ದ್ರು ಅಂತ ಲೋಕಕ್ಕೆಲ್ಲ ಹೇಳ್ಬುಟ್ರಿ. ನಾನು ಅದ್ಕೇ ದಿನಾ ಗಂಧದ್ ಕಡ್ಡಿ ಹಚ್ಚಿದೀನಿ."

ನನಗೆ ನಾಚಿಕೆಯಾಯಿತು. ಹಾಲೆಂಡಿನ ಸಭೆಯಲ್ಲಿ ಆದದ್ದು ಇದರ ಮುಂದೆ ಏನೂ ಅಲ್ಲ. ವಿಜ್ಞಾನಕ್ಕೆ ತಪ್ಪು ಮಾಡಿದೆ, ಒಪ್ಪಿಕೊಂಡೆ, ಮುಗಿಯಿತು ಎಂದು ಬೀಗುತ್ತಾ ಬಂದಿದ್ದೆ. ಈ ಮನುಷ್ಯನ ಮೇಲೆ ಸುಳ್ಳು ಹೇಳಿದ್ದೇನೆ ಎನ್ನುವುದು ಎಂಟು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆದಿರಲಿಲ್ಲ. ತಪ್ಪಾಯಿತು ಶಿವನಂಜಯ್ಯನೋರೆ ಎಂದೆ.

ಒಳಗಿನಿಂದ ಕಾಫಿ ಬಂತು. ಕುಡಿದು ಲೋಟ ಇಟ್ಟ ಮೇಲೆ, ಪೆನ್ ಐತಾ ಎಂದು ಕೇಳಿದರು. ಇದೆ ಎಂದೆ.

"ಬರ್ಕಳಿ. ಸಿ.ಎಸ್. ಪುರದ ಶಿವನಂಜಯ್ಯನ ಹೊಲ್ದಲ್ಲಿ ಸ್ವಾಮಾರ ಮಣ್ಣು ತೆಗ್ದಿಲ್ಲ. ಸ್ವಾಮಾರದ ಲೆಕ್ಕ ಮೇಡಂ ಮನೇಲಿ ಕೂತ್ಕಂಡ್ ಬರ್ದಿದ್ದು. ಬರ್ಕಂಡ್ರಾ?"

"ಬರ್ಕೊಂಡೆ."

"ಓದಿ."

ಓದಿದೆ. ಇನ್ನೊಂದು ಸಲ ಓದಿಸಿದರು. ಆಮೇಲೆ ಫ್ರೇಮನ್ನು ನನ್ನ ಮಡಿಲಿಗಿಟ್ಟು, "ಇದು ಇನ್ ಒಳಗೆ ಬ್ಯಾಡ. ಸರೀಗಿರೋದ್ ಬಂದ್ಮ್ಯಾಲೆ ತಂದ್ಕೊಡಿ" ಎಂದು ಗರಿ ಸೀಳಲು ಕೂತರು.

ಮನೆಗೆ ಬಂದು ನನ್ನ ಒಂದೂವರೆ ಪುಟವನ್ನು ಪೂರ್ತಿ ಅಳಿಸಿದೆ. ಶಿವನಂಜಯ್ಯ ಹೇಳಿದ ಎರಡು ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿ, ಕೆಳಗೆ ನನ್ನ ಹೆಸರು ಬರೆದು, ಅಷ್ಟನ್ನೇ ಪತ್ರಿಕೆಗೆ ಕಳಿಸಿದೆ.